ಎರಡಂಗುಲದ ಮೋಹ

ಲಗ್ನದ ಮಾತುಕತೆಗೆಂದು ಎರಡು ಮನೆತನಗಳ ಹಿರಿಯರು ಜಮಖಾನೆಯ ಮೇಲೆ ಕೂಡಿ ಕುಳಿತಾಗ ಹಿಂದೆ ಕೇಳುತ್ತಿದ್ದ ಪ್ರಶ್ನೆಗಳು ಗೊತ್ತಾದವೇ ಇದ್ದವು. ಮನೆತನವೆಂಥದು, ಹೊಲಮನೆಗಳೆಷ್ಟು, ಹುಡುಗನ ವಿದ್ಯೆಯೇನು, ನಡತೆಯೇನು ಎಂದು ವಿಚಾರಿಸಿ, ಜಾತಕಗಳು ಕೂಡಿ ಬಂದರೆ ಎಲೆ-ಅಡಿಕೆ ಹಂಚುತ್ತಿದ್ದರು. ಆ ಪ್ರಶ್ನೆಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಮನುಷ್ಯನು ತಾನು ಗಳಿಸಿದ್ದನ್ನೋ ಅವನ ಹಿರಿಯರು ಗಳಿಸಿದ್ದನ್ನೋ ಕುರಿತವುಗಳಾಗಿದ್ದವು. ಇತ್ತಿತ್ತಲಾಗಿ ಆ ಪಟ್ಟಿಯಲ್ಲಿ ಹೊಸದೊಂದು ಸಾಲು ಸೇರಿ, ಮೆಲ್ಲಮೆಲ್ಲನೆ ಮೇಲಕ್ಕೇರಿ ಕುಳಿತಿದೆ. ಅದು ಹುಡುಗನ ಎತ್ತರ. ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಈಗ ಕೈಯಿಂದ ಕೈಗೆ ತಿರುಗುವ ಬಯೋಡಾಟಾ ಎಂಬ ಕಾಗದವನ್ನು ಯಾರಾದರೂ ತೆರೆದು ನೋಡಲಿ. ಹೆಸರು, ಹುಟ್ಟಿದ ತಾರೀಖುಗಳ ಬೆನ್ನಿಗೇ ಅಡಿ-ಅಂಗುಲಗಳ ಲೆಕ್ಕವು ಕಾಣುತ್ತದೆ. ಅಲ್ಲಿ ೫ ಅಡಿ ೪ ಅಂಗುಲವೆಂದು ಬರೆದಿದ್ದರೆ ಕಾಗದವು ಸದ್ದಿಲ್ಲದೆ ಬದಿಗೆ ಸರಿಯುತ್ತದೆ. "ಹುಡುಗ ಚಲೋ ಇದ್ದಾನ, ಆದರ ಸ್ವಲ್ಪ ಗಿಡ್ಡ" ಎಂಬ ಒಂದೇ ಮಾತಿನಿಂದ ಅವನ ವಿದ್ಯೆ, ಉದ್ಯೋಗ, ಸೌಜನ್ಯಗಳೆಲ್ಲವೂ ಲೆಕ್ಕದಿಂದ ಹೊರಗೆ ಬೀಳುತ್ತವೆ.

ಈ ಒಂದು ಸಾಲು ನಿರಪಾಯವಾದದ್ದೆಂದು ಸುಶಿಕ್ಷಿತ ಮನೆತನದವರು ತಿಳಿದಿರಬಹುದು. ಅದು ನಿರಪಾಯವಲ್ಲ. ಅದರ ಬೆನ್ನ ಹಿಂದೆ ಒಂದು ವ್ಯಾಪಾರವು ನಿಂತುಕೊಂಡಿದೆ. ನೆಟ್ಟಗಿರುವ, ನಿರೋಗಿಯಾದ ಎರಡು ಕಾಲುಗಳ ಎಲುಬುಗಳನ್ನು ಬೇಕೆಂದೇ ಕಡಿದು, ಕಡಿದ ತುದಿಗಳನ್ನು ದಿನಕ್ಕಿಷ್ಟೆಂದು ದೂರ ಸರಿಸಿ, ನಡುವಿನ ತೆರಪಿನಲ್ಲಿ ಹೊಸ ಎಲುಬು ಬೆಳೆಯುವಂತೆ ಮಾಡಿ ಮನುಷ್ಯನನ್ನು ಎರಡು ಮೂರು ಅಂಗುಲ ಎತ್ತರಿಸುವ ವ್ಯಾಪಾರವದು. ದೊಡ್ಡ ಪಟ್ಟಣಗಳ ಕೆಲವು ಖಾಸಗಿ ದವಾಖಾನೆಗಳವರು ಅದನ್ನು ಹಲವು ಲಕ್ಷ ರೂಪಾಯಿಗಳಿಗೆ ಮಾಡಿಕೊಡುತ್ತಾರೆ. ಅಮೇರಿಕೆಯಲ್ಲಿ ಅದರ ಖರ್ಚು ೭೦ ಸಾವಿರ ಡಾಲರಿಗೂ ಮಿಕ್ಕುವದುಂಟು. ಜಾಹೀರಾತಿನಲ್ಲಿ ಕಾಣುವದು ಎರಡೇ ಚಿತ್ರ: ಮೊದಲಿನ ಗಿಡ್ಡನು, ಆಮೇಲಿನ ಉದ್ದನು. ಈ ಎರಡು ಚಿತ್ರಗಳ ನಡುವೆ ಕಳೆದ ಕಾಲದ ಚಿತ್ರವನ್ನು ಯಾರೂ ತೋರಿಸುವದಿಲ್ಲ. ಎರಡನೆಯ ಚಿತ್ರದ ತರುವಾಯದ ನಲವತ್ತು ವರ್ಷಗಳನ್ನಂತೂ ಯಾರೂ ಮಾತಿಗೆ ಸಹ ತರುವದಿಲ್ಲ. ಆ ತೋರಿಸದ ಭಾಗವೇ ಇಲ್ಲಿ ವಿಚಾರಕ್ಕೆ ಯೋಗ್ಯವಾದದ್ದು.

ಮೊದಲು ವಿದ್ಯೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಬೇಕು. ಎಲುಬನ್ನು ಉದ್ದ ಮಾಡುವ ವಿದ್ಯೆಯು ಶೃಂಗಾರಕ್ಕಾಗಿ ಹುಟ್ಟಿದ್ದಲ್ಲ. ಇಟಲಿಯ ಬೊಲೋನ್ಯಾ ನಗರದ ಕೊಡಿವಿಲ್ಲಾ ಎಂಬ ಶಸ್ತ್ರವೈದ್ಯನು ೧೯೦೫ರಲ್ಲಿಯೇ ಕುಂಠಿತವಾದ ಕಾಲುಗಳನ್ನು ಉದ್ದ ಮಾಡಿದ ವೃತ್ತಾಂತವನ್ನು ಪ್ರಕಟಿಸಿದ್ದನು. ಅದಕ್ಕೆ ಶಾಸ್ತ್ರದ ಸ್ಥಿರತೆಯನ್ನು ತಂದವನು ರಶಿಯದ ಗಾವ್ರಿಯಿಲ್ ಇಲಿಜಾರೊವ್. ೧೯೪೪ರಲ್ಲಿ ಸೈಬೀರಿಯದ ಕುರ್ಗಾನ ಪ್ರಾಂತದ ಡೊಲ್ಗೊವ್ಕಾ ಎಂಬ ಹಳ್ಳಿಯಲ್ಲಿ ಡಾಕ್ಟರನಾಗಿ ಸೇರಿದ ಈತನ ಮುಂದೆ ಯುದ್ಧದಿಂದ ಮರಳಿದ ಗಾಯಾಳುಗಳು, ಕೂಡದ ಎಲುಬಿನವರು, ಕಾಲು ಗಿಡ್ಡವಾದವರು ಬಂದು ನಿಲ್ಲುತ್ತಿದ್ದರು. ಈತನು ೧೯೫೧ರ ಸುಮಾರಿಗೆ ಲೋಹದ ಉಂಗುರಗಳನ್ನೂ ಬಿಗಿದ ತಂತಿಗಳನ್ನೂ ಕೂಡಿಸಿ ಒಂದು ಚೌಕಟ್ಟನ್ನು ರಚಿಸಿದನು. ಎಲುಬಿನ ಕಡಿದ ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ, ಅದನ್ನೂ ನಾಲ್ಕು ಪಾಲು ಮಾಡಿ ಸರಿಸಿದರೆ ನಡುವೆ ಹೊಸ ಎಲುಬು ಹುಟ್ಟುತ್ತದೆಂಬುದನ್ನು ಸಿದ್ಧಪಡಿಸಿದನು. ೧೯೬೪ರ ಒಲಿಂಪಿಕ್ ಪಂದ್ಯದಲ್ಲಿ ಎತ್ತರ ಜಿಗಿತದ ಬಂಗಾರದ ಪದಕವನ್ನು ಗೆದ್ದ ವಲೇರಿ ಬ್ರೂಮೆಲ್ ಮರುವರ್ಷ ಮೋಟಾರ್ ಸೈಕಲ್ಲಿನ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡಾಗ, ಅನೇಕ ಶಸ್ತ್ರಕ್ರಿಯೆಗಳಿಂದಲೂ ಗುಣವಾಗದ ಆ ಕಾಲನ್ನು ನಿಲ್ಲಿಸಿಕೊಟ್ಟವನು ಇಲಿಜಾರೊವನೇ. ಪೋಲಿಯೋದಿಂದ ಒಂದು ಕಾಲು ಸೊರಗಿದವರಿಗೆ, ಹುಟ್ಟಿನಿಂದಲೇ ಕಾಲು ಗಿಡ್ಡವಿದ್ದ ಕೂಸುಗಳಿಗೆ, ಅಪಘಾತದಲ್ಲಿ ಎಲುಬಿನ ತುಂಡನ್ನೇ ಕಳೆದುಕೊಂಡವರಿಗೆ ಈ ವಿದ್ಯೆಯು ಕಾಮಧೇನುವಾಗಿದೆ. ಇದನ್ನು ಅಲ್ಲಗಳೆಯುವವನು ಕೃತಘ್ನನು.

ಪರಂತು ಔಷಧವು ರೋಗಿಗೆ ಅಮೃತವಾದ ಮಾತ್ರಕ್ಕೆ ನಿರೋಗಿಗೂ ಅಮೃತವಾಗುವದಿಲ್ಲ. ಈ ದೇಶದ ಶಲ್ಯತಂತ್ರದ ಆದ್ಯಗ್ರಂಥವಾದ ಸುಶ್ರುತಸಂಹಿತೆಯಲ್ಲಿ ಎಲುಬು ಮುರಿತದ ವಿಷಯವು ವಿಸ್ತಾರವಾಗಿ ಬಂದಿದೆ. ಕೀಲು ತಪ್ಪುವದರಲ್ಲಿ ೬ ಬಗೆ, ಎಲುಬು ಮುರಿಯುವದರಲ್ಲಿ ೧೨ ಬಗೆ ಎಂದು ವಿಂಗಡಿಸಿ, ಮರದ ತೊಗಟೆಯ ಪಟ್ಟಿಗಳನ್ನು ಕಟ್ಟುವ ಕ್ರಮವನ್ನೂ ಅಲ್ಲಿ ಹೇಳಿದೆ. ಅಷ್ಟೇ ಅಲ್ಲ, ಎಲುಬನ್ನು ವೈದ್ಯನೇ ಮುರಿಯಬೇಕಾದ ಪ್ರಸಂಗವೂ ಅಲ್ಲಿ ಉಂಟು. ಆ ಪ್ರಸಂಗವು ಯಾವುದು? ಮೊದಲು ಮುರಿದ ಎಲುಬು ಸೊಟ್ಟಗಾಗಿ ಕೂಡಿಕೊಂಡಿದ್ದರೆ ಅದನ್ನು ಮತ್ತೆ ಮುರಿದು ಸಮಮಾಡಿ ಕಟ್ಟಬೇಕು. ವಕ್ರವಾದದ್ದನ್ನು ಋಜು ಮಾಡುವದಕ್ಕಾಗಿ ಮುರಿಯಲು ಆಚಾರ್ಯನ ಅಪ್ಪಣೆಯಿದೆ. ಋಜುವಾದದ್ದನ್ನು ಮುರಿಯಲು ಅವನು ಅಪ್ಪಣೆ ಕೊಟ್ಟಿಲ್ಲ. ಇಲಿಜಾರೊವನ ಚೌಕಟ್ಟು ಯುದ್ಧದ ಗಾಯಾಳುವಿನ ಕಾಲಿನಲ್ಲಿದ್ದಾಗ ಅದು ಸುಶ್ರುತನ ಮಾರ್ಗದಲ್ಲಿಯೇ ಇತ್ತು. ವರನಾಗಬೇಕೆಂಬ ನಿರೋಗಿ ತರುಣನ ಕಾಲಿಗೆ ಏರಿದ ದಿನವೇ ಅದು ಮಾರ್ಗ ಬಿಟ್ಟಿತು.

ಈಗ ಆ ತರುಣನ ಲೆಕ್ಕವನ್ನು ಮಾಡೋಣ. ಬೆಟಗೇರಿಯ ಒಬ್ಬ ನೇಕಾರನಿಗೆ ಇಪ್ಪತ್ತನಾಲ್ಕು ವರ್ಷದ ಮಗನಿದ್ದಾನೆಂದೂ, ಅವನು ಎರಡು ಅಂಗುಲ, ಅಂದರೆ ಐದು ಸೆಂಟಿಮೀಟರು ಬೆಳೆಯಲು ನಿಶ್ಚಯಿಸಿದನೆಂದೂ ಊಹಿಸಿಕೊಳ್ಳಬೇಕು. ಶಸ್ತ್ರಕ್ರಿಯೆಯು ಕೆಲವು ತಾಸುಗಳ ಮಾತು. ಆಮೇಲೆ ಐದಾರು ದಿನ ಕಡಿದ ಎಲುಬನ್ನು ಸುಮ್ಮನೆ ಬಿಟ್ಟು, ಅನಂತರ ತಿರುಪು ತಿರುಗಿಸುವದು ಪ್ರಾರಂಭ. ದಿನಕ್ಕೆ ನಾಲ್ಕು ಸಾರೆ, ಐವತ್ತು ದಿನ. ಕಾಲೊಂದಕ್ಕೆ ಇನ್ನೂರು, ಎರಡಕ್ಕೂ ಕೂಡಿ ನಾನೂರು ಸಾರೆ. ಇಷ್ಟಾದರೆ ಮುಗಿಯಿತೆಂದು ತಿಳಿದವನು ಮೋಸಹೋದನು. ತೆರಪಿನಲ್ಲಿ ಹುಟ್ಟಿದ್ದು ಇನ್ನೂ ಎಲುಬಲ್ಲ, ಎಲುಬಿನ ಎಳೆಯ ಮೊಳಕೆ. ಅದು ಗಟ್ಟಿಯಾಗಿ ಮೈಭಾರವನ್ನು ಹೊರುವಂತಾಗಲು ಬೆಳೆದ ಒಂದೊಂದು ಸೆಂಟಿಮೀಟರಿಗೆ ಒಂದು ತಿಂಗಳು, ಒಂದೂವರೆ ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಂದಮೇಲೆ ಐದು ಸೆಂಟಿಮೀಟರಿಗೆ ಐದರಿಂದ ಎಂಟು ತಿಂಗಳು ಚೌಕಟ್ಟು ಕಾಲಲ್ಲಿಯೇ. ಚೌಕಟ್ಟು ಕಳಚಿದ ಬಳಿಕ ಕಂಕುಳ ಕೋಲು, ಆಮೇಲೆ ಕೈಕೋಲು, ಆಮೇಲೆ ಗೋಡೆಯ ಆಧಾರ. ಮೊದಲಿನಂತೆ ನಡೆಯುವ ಹೊತ್ತಿಗೆ ಒಂದು ವರ್ಷ ಉರುಳಿರುತ್ತದೆ. ಓಡುವ ಮಾತು ಅದರಾಚೆಗೆ.

ಆ ಒಂದು ವರ್ಷದಲ್ಲಿ ಎಲುಬಿಗಿಂತ ಹೆಚ್ಚು ಕಾಡುವವು ಎಲುಬನ್ನು ಸುತ್ತಿದವುಗಳು. ಎಲುಬು ಬೆಳೆಯಲು ಒಪ್ಪುತ್ತದೆ; ಸ್ನಾಯು, ನರ, ರಕ್ತನಾಳಗಳು ಅಷ್ಟು ಸುಲಭವಾಗಿ ಒಪ್ಪುವದಿಲ್ಲ. ಮೀನಖಂಡವು ಬಿಗಿದು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ. ಮನುಷ್ಯನು ಬೆರಳ ತುದಿಯ ಮೇಲೆ ನಿಂತಂತಾಗುತ್ತಾನೆ. ಇದನ್ನು ತಡೆಯಲು ದಿನಾಲು ತಾಸುಗಟ್ಟಲೆ ಫಿಜಿಯೋಥೆರಪಿಯ ವ್ಯಾಯಾಮವನ್ನು ಅಳುತ್ತಳುತ್ತ ಮಾಡಬೇಕು. ಅದನ್ನು ಬಿಟ್ಟವನಿಗೆ ಹಿಮ್ಮಡಿಯ ನರವನ್ನು ಕೊಯ್ದು ಸಡಿಲಿಸುವ ಇನ್ನೊಂದು ಶಸ್ತ್ರಕ್ರಿಯೆ ಕಾದಿರುತ್ತದೆ. ತಂತಿಗಳು ಚರ್ಮವನ್ನು ತೂರಿದ ತೂತುಗಳಲ್ಲಿ ಕೀವು ಆಗುವದು ಸರ್ವಸಾಧಾರಣ. ಜಗ್ಗಿದ ನರವು ಉರಿಯುತ್ತದೆ, ಇಲ್ಲವೆ ಮರಗಟ್ಟುತ್ತದೆ. ಕೆಲವರಿಗೆ ಪಾದವೇ ಮೇಲಕ್ಕೆತ್ತಲು ಬಾರದಾಗುತ್ತದೆ. ಕೆಲವರ ಎಲುಬು ಸೊಟ್ಟಗೆ ಬೆಳೆಯುತ್ತದೆ. ಕೆಲವರದು ಕೂಡುವದೇ ಇಲ್ಲ, ಆಗ ಸೊಂಟದ ಎಲುಬಿನ ಚೂರನ್ನು ತೆಗೆದು ಅಲ್ಲಿ ತುಂಬಬೇಕಾಗುತ್ತದೆ. ಎಲುಬಿನ ಮಜ್ಜೆಯ ಕೊಬ್ಬು ರಕ್ತದಲ್ಲಿ ಸೇರಿ ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಎರಡೂ ಕಾಲುಗಳನ್ನು ಒಂದೇ ಸಲಕ್ಕೆ ಕೊರೆಯುವಾಗ ಈ ಭಯವು ಹೆಚ್ಚು. ಇವೆಲ್ಲವೂ ಎಲ್ಲರಿಗೂ ಆಗುತ್ತವೆಂದಲ್ಲ. ಆದರೆ ಇವುಗಳಲ್ಲಿ ಒಂದೂ ಆಗದೆ ಪಾರಾದವನು ಭಾಗ್ಯವಂತನೆಂಬುದನ್ನು ಈ ಕೆಲಸದಲ್ಲಿ ಪಳಗಿದ ಪ್ರಾಮಾಣಿಕ ಡಾಕ್ಟರರೇ ಒಪ್ಪುತ್ತಾರೆ.

ಇನ್ನು ಎಲ್ಲವೂ ಸುರಳೀತವಾಯಿತೆಂದೇ ಇಟ್ಟುಕೊಳ್ಳೋಣ. ವೈದ್ಯರ ಕಾಗದದಲ್ಲಿ "ಗುಣವಾಯಿತು" ಎಂದು ಬರೆದಾಯಿತು. ಯಾವ ಜೀವನಕ್ಕೆ ಗುಣವಾದದ್ದು? ಕುರ್ಚಿಯ ಮೇಲೆ ಕುಳಿತು, ಮೇಜಿನ ಮೇಲೆ ಉಂಡು, ಮೋಟಾರಿನಲ್ಲಿ ತಿರುಗುವವನ ಜೀವನಕ್ಕೆ ಸಾಕಾಗುವಷ್ಟು ಕಾಲು ಈ ನಾಡಿನ ಜೀವನಕ್ಕೆ ಸಾಕಾಗುವದಿಲ್ಲ. ಇಲ್ಲಿ ಮನುಷ್ಯನು ಕುಕ್ಕರುಗಾಲಿನಲ್ಲಿ ಕೂಡ್ರಬೇಕು, ಚಕ್ಕಳಮಕ್ಕಳ ಹಾಕಬೇಕು, ನೆಲದಿಂದ ಕೈಯೂರದೆ ಏಳಬೇಕು. ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಯಲ್ಲಿ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಣ್ಣುವವನಿಗೆ, ಲಕ್ಷ್ಮೇಶ್ವರದ ಸೋಮೇಶ್ವರನಿಗೆ ಸಾಷ್ಟಾಂಗ ಹಾಕುವವನಿಗೆ, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ತುಳಿಯುವವನಿಗೆ, ಶೇಂಗಾದ ಹೊಲದಲ್ಲಿ ಕುಕ್ಕರಿಸಿ ಕಳೆ ತೆಗೆಯುವವನಿಗೆ ಮೊಣಕಾಲು ಮತ್ತು ಹಿಮ್ಮಡಿಗಳು ಪೂರ್ಣವಾಗಿ ಮಡಿಯಲೇಬೇಕು. ಬಿಗಿದ ಮೀನಖಂಡದವನು ಕುಕ್ಕರಿಸಲಾರನು. ಮೊಣಕಾಲಿನ ಬಾಯಿಂದ ಸಲಾಕೆ ಹೊಡೆಸಿಕೊಂಡವನಿಗೆ ಮಂಡಿಯೂರಿದರೆ ನೋವು. ಎರಡಂಗುಲ ಎತ್ತರವಾದವನು ನೆಲದ ಮೇಲಿನ ಪಂಕ್ತಿಯನ್ನು ಬಿಟ್ಟು ಮೂಲೆಯ ಕುರ್ಚಿಗೆ ಹೋದನೆಂದರೆ, ಗಳಿಸಿದ್ದೇನು, ಕಳೆದುಕೊಂಡದ್ದೇನು? "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಹಿರಿಯರು ಹೇಳಿದ್ದು ಹಣದ ವಿಷಯಕ್ಕೆ. ಅಕ್ಷರಶಃ ಕಾಲು ಚಾಚುವವರಿಗೂ ಅದು ಅನ್ವಯಿಸುವ ಕಾಲವು ಬರುತ್ತದೆಂದು ಅವರು ಊಹಿಸಿರಲಿಕ್ಕಿಲ್ಲ.

ಈ ಮೋಹಕ್ಕೆ ಎತ್ತರದ ಅಳತೆಯಿಲ್ಲವೆಂಬುದಕ್ಕೆ ೨೦೧೬ರ ಒಂದು ಪ್ರಸಂಗವೇ ಸಾಕ್ಷಿ. ಆ ವರ್ಷ ಹೈದರಾಬಾದಿನ ಒಂದು ದವಾಖಾನೆಯಲ್ಲಿ ಒಬ್ಬ ತರುಣ ಇಂಜಿನಿಯರನು ತಂದೆತಾಯಿಗಳಿಗೆ ಒಂದು ಮಾತೂ ತಿಳಿಸದೆ ಈ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡನು. ಮಗನು ಕಾಣೆಯಾದನೆಂದು ಹೆತ್ತವರು ಪೋಲೀಸರ ಕಡೆಗೆ ಓಡಿದರು; ಹುಡುಕಿ ನೋಡಿದರೆ ಅವನು ಎರಡೂ ಕಾಲು ಕಡಿಸಿಕೊಂಡು ದವಾಖಾನೆಯ ಮಂಚದ ಮೇಲಿದ್ದನು. ವಿಷಯವು ತೆಲಂಗಾಣದ ವೈದ್ಯಕೀಯ ಮಂಡಲಿಯವರೆಗೆ ಹೋಯಿತು. ಪತ್ರಿಕೆಗಳಲ್ಲಿ ಬಂದಂತೆ ಆ ತರುಣನ ಎತ್ತರವು ಮೊದಲೇ ೫ ಅಡಿ ೭ ಅಂಗುಲವಿತ್ತು. ಈ ದೇಶದ ಗಂಡಸರ ಸರಾಸರಿ ಎತ್ತರವು ಸುಮಾರು ೫ ಅಡಿ ೫ ಅಂಗುಲ. ಅಂದರೆ ಸರಾಸರಿಗಿಂತ ಎತ್ತರನಾದವನೂ ತಾನು ಗಿಡ್ಡನೆಂದು ಕೊರಗಿ ಎಲುಬು ಕಡಿಸಿಕೊಂಡನು. ರೋಗವು ಕಾಲಿನಲ್ಲಿ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವದಿಲ್ಲವೇ? ಮನಸ್ಸಿನಲ್ಲಿ ಕುಳಿತ ಗಿಡ್ಡತನವನ್ನು ಕಾಲಿನಲ್ಲಿ ಹುಡುಕಿದರೆ ಅದು ಸಿಕ್ಕೀತು ಹೇಗೆ?

ಚೀನ ದೇಶದ ಉದಾಹರಣೆಯು ಇನ್ನೂ ಮನನೀಯವಾದದ್ದು. ಆ ದೇಶದವರು ಶತಮಾನಗಳವರೆಗೆ ಹೆಣ್ಣುಮಕ್ಕಳ ಪಾದಗಳನ್ನು ಬಿಗಿದು ಕಟ್ಟಿ, ಎಲುಬು ಮುರಿದು, ಪಾದವು ಗಿಡ್ಡವಾದಷ್ಟೂ ವರನು ಒಳ್ಳೆಯವನು ಸಿಗುವನೆಂದು ನಂಬಿದ್ದರು. ೧೯೧೨ರಲ್ಲಿ ಹೊಸ ಗಣರಾಜ್ಯವು ಅದನ್ನು ನಿಷೇಧಿಸಿತು. ತೊಂಬತ್ತು ವರ್ಷ ಕಳೆಯುವದರೊಳಗೆ ಅದೇ ದೇಶದ ತರುಣ-ತರುಣಿಯರು ಉದ್ಯೋಗಕ್ಕೂ ಮದುವೆಗೂ ಎತ್ತರ ಬೇಕೆಂದು ಕಾಲೆಲುಬುಗಳನ್ನು ಕಡಿಸಿಕೊಂಡು ಉದ್ದ ಮಾಡಿಸಿಕೊಳ್ಳತೊಡಗಿದರು. ಅಂಗವಿಕಲರಾದವರ ಗೋಳು ಕೇಳಲಾರದೆ ೨೦೦೬ರಲ್ಲಿ ಅಲ್ಲಿಯ ಸರಕಾರವು ಶೃಂಗಾರಕ್ಕಾಗಿ ಕಾಲುದ್ದ ಮಾಡುವದನ್ನು ನಿಲ್ಲಿಸಬೇಕಾಯಿತು. ಅಜ್ಜಿಯ ಪಾದವನ್ನು ಗಿಡ್ಡ ಮಾಡಿದ್ದೂ ಮೊಮ್ಮಗಳ ಕಾಲನ್ನು ಉದ್ದ ಮಾಡಿದ್ದೂ ಒಂದೇ ಮಾತು: ವಧೂವರರ ಪೇಟೆಯಲ್ಲಿ ಅಂದಂದಿಗೆ ನಡೆಯುವ ದರ.

ಇದಕ್ಕೆ ಪ್ರತಿಯಾಗಿ ಹೇಳತಕ್ಕವರ ಮಾತುಗಳನ್ನೂ ನಿಷ್ಪಕ್ಷಪಾತದಿಂದ ಕೇಳಬೇಕು.

ಮೊದಲನೆಯದಾಗಿ, ವಿದ್ಯೆಯು ಸುಧಾರಿಸಿದೆ. ಈಗ ಹೊರಗಿನ ಚೌಕಟ್ಟು ಬೇಡ, ಎಲುಬಿನೊಳಗೆ ಇಳಿಸಿದ ಸಲಾಕೆಯನ್ನು ಅಯಸ್ಕಾಂತದಿಂದ ಹೊರಗಿನಿಂದಲೇ ಉದ್ದ ಮಾಡಬಹುದು ಎನ್ನುವರು. ನಿಜ. ಇಂಥ ಸಲಾಕೆಗೆ ಅಮೇರಿಕೆಯ ಅಧಿಕಾರಿಗಳು ೨೦೧೧ರಲ್ಲಿ ಅನುಮತಿ ಕೊಟ್ಟರು. ಇದರಿಂದ ತಂತಿಯ ತೂತುಗಳ ಕೀವು ತಪ್ಪಿತು. ಆದರೆ ಎಲುಬು ಕಡಿಯುವದು ತಪ್ಪಲಿಲ್ಲ, ನರ-ಸ್ನಾಯುಗಳ ಜಗ್ಗಾಟ ತಪ್ಪಲಿಲ್ಲ, ಎಲುಬು ಗಟ್ಟಿಯಾಗುವ ತಿಂಗಳುಗಳು ತಪ್ಪಲಿಲ್ಲ, ಸಲಾಕೆಯನ್ನು ಮುಂದೆ ಹೊರತೆಗೆಯುವ ಎರಡನೆಯ ಶಸ್ತ್ರಕ್ರಿಯೆಯೂ ತಪ್ಪಲಿಲ್ಲ. ಮೇಲಾಗಿ, ಮೈಭಾರವನ್ನೆಲ್ಲ ಹೊರಬಲ್ಲದೆಂದು ಹೊಗಳಿಸಿಕೊಂಡ ಇದರದೇ ಒಂದು ಹೊಸ ತಳಿಯ ಸುತ್ತಲಿನ ಎಲುಬಿನಲ್ಲಿ ವಿಕಾರಗಳು ಕಂಡುಬಂದದ್ದರಿಂದ ೨೦೨೧ರಲ್ಲಿ ತಯಾರಕರೇ ಅದನ್ನು ಪೇಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ಕಾಲು ಕಳೆದುಕೊಳ್ಳುವ ಭಯವಿದ್ದ ರೋಗಿಯು ಹೊಸ ಉಪಕರಣದ ಅಪಾಯವನ್ನು ಎದುರಿಸುವದು ವಿವೇಕವೆನಿಸಬಹುದು. ಎರಡೂ ಕಾಲು ಗಟ್ಟಿಯಿದ್ದವನು ಅದನ್ನು ಎದುರಿಸುವದಕ್ಕೆ ಏನೆನ್ನಬೇಕು?

ಎರಡನೆಯದಾಗಿ, ಕಿವಿ ಚುಚ್ಚಿಸುವದಿಲ್ಲವೇ, ಹಲ್ಲು ಸಮ ಮಾಡಿಸುವದಿಲ್ಲವೇ, ಇದೂ ಹಾಗೆಯೇ ಒಂದು ಅಲಂಕಾರ ಎನ್ನುವರು. ಕಿವಿ ಚುಚ್ಚಿಸಿದ ಕೂಸು ಮರುದಿನ ಆಡುತ್ತದೆ. ಕಿವಿಯ ತೂತಿನಿಂದ ಕೇಳುವ ಶಕ್ತಿಗೆ ಕುಂದಿಲ್ಲ, ತಂತಿ ಕಟ್ಟಿಸಿದ ಹಲ್ಲಿನಿಂದ ಅಗಿಯುವ ಶಕ್ತಿಗೆ ಕುಂದಿಲ್ಲ. ಯಾವ ಅಂಗವನ್ನು ಅಲಂಕರಿಸಲಾಯಿತೋ ಆ ಅಂಗದ ಕೆಲಸವನ್ನೇ ಪಣಕ್ಕೊಡ್ಡುವದು ಅಲಂಕಾರವಲ್ಲ. ಅದಕ್ಕೆ "ಮೂಗಿಗಿಂತ ಮೂಗುತಿ ಭಾರ" ಎಂಬ ಗಾದೆಯೇ ಸರಿಯಾದ ಹೆಸರು.

ಮೂರನೆಯದಾಗಿ, ಮಾಡಿಸಿಕೊಂಡವರಲ್ಲಿ ಬಹಳ ಜನ ಸಂತೋಷದಿಂದಿರುವರಲ್ಲ ಎನ್ನುವರು. ಇರಬಹುದು. ಕೆಲವರಿಗೆ ನಿಜವಾಗಿಯೂ ಮನಸ್ಸಿನ ಭಾರ ಇಳಿದಿರಲೂಬಹುದು. ಅವರ ಸಂತೋಷವನ್ನು ಸುಳ್ಳೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಈ ಸಂತೋಷವನ್ನು ಕೇಳಿ ಬರೆದುಕೊಳ್ಳುವದು ಹೆಚ್ಚಾಗಿ ಶಸ್ತ್ರಕ್ರಿಯೆಯಾದ ಕೆಲವೇ ವರ್ಷಗಳಲ್ಲಿ. ಲಕ್ಷಗಟ್ಟಲೆ ಹಣವನ್ನೂ, ಒಂದು ವರ್ಷದ ಆಯುಷ್ಯವನ್ನೂ, ತಾಯಿಯ ನಿದ್ದೆಯನ್ನೂ ಸುರಿದು ಬಂದವನು ಆಗ ಇದು ವ್ಯರ್ಥವಾಯಿತೆಂದು ಒಪ್ಪಿಕೊಳ್ಳುವದು ಕಷ್ಟ. ಇಪ್ಪತ್ತೈದರ ಹುರುಪಿನಲ್ಲಿದ್ದ ಮೊಣಕಾಲು ಐವತ್ತೈದರಲ್ಲಿ ಏನೆನ್ನುವದೆಂದು ಕೇಳಿ ಬರೆದ ದಾಖಲೆಗಳು ವಿರಳ. ಅಂಗಡಿಕಾರನು ಅರಿವೆ ಮಾರಿದ ದಿನದ ಬಣ್ಣವನ್ನು ಹೊಗಳುತ್ತಾನೆ. ನೇಕಾರನ ಮನೆಯವರಿಗೆ ಮಾತ್ರ ಹತ್ತು ಒಗೆತದ ಮೇಲಿನ ಬಣ್ಣವೇ ಬಣ್ಣವೆಂಬುದು ಗೊತ್ತು.

ನಾಲ್ಕನೆಯದಾಗಿ, ಪೋಲೀಸು, ಸೈನ್ಯಗಳ ಭರತಿಯಲ್ಲಿ ಎತ್ತರದ ಅಳತೆಯಿದೆ. ಬಡ ಹುಡುಗನು ಅರ್ಧ ಅಂಗುಲಕ್ಕಾಗಿ ಹೊಟ್ಟೆಯ ಅನ್ನವನ್ನು ಕಳೆದುಕೊಳ್ಳಬೇಕೇ ಎನ್ನುವರು. ಪ್ರಶ್ನೆಯು ಮರುಕ ಹುಟ್ಟಿಸುವಂಥದು. ಆದರೆ ಅಳತೆಯ ಕೋಲಿನ ಪಕ್ಕದಲ್ಲಿಯೇ ಓಟದ ಮೈದಾನವೂ ಇದೆಯೆಂಬುದನ್ನು ಮರೆಯಬಾರದು. ಕೋಲಿನ ಕೆಳಗೆ ಗೆದ್ದವನು ಮೈದಾನದಲ್ಲಿ ಸೋತರೆ ಫಲವೇನು? ಹೊಲ ಒತ್ತೆಯಿಟ್ಟು ಕಾಲು ಕಡಿಸಿಕೊಂಡ ಬಡವನು ಓಟವನ್ನೂ ಹೊಲವನ್ನೂ ಕೂಡಿಯೇ ಕಳೆದುಕೊಂಡಾನು.

ಕೊನೆಯದಾಗಿ, ದೇಹವು ಅವನದು, ಹಣವು ಅವನದು, ನಡುವೆ ಬರಲು ಊರಿನವರು ಯಾರು ಎನ್ನುವರು. ಈ ಮಾತಿನಲ್ಲಿ ಬಲವಿದೆ. ಪ್ರಾಪ್ತವಯಸ್ಕನಾದವನ ಕೈಯನ್ನು ಹಿಡಿಯಲು ಯಾರಿಂದಲೂ ಆಗದು. ಆದರೆ ಅವನು ಆ ಮಂಚವನ್ನೇರಿದ್ದು ಸ್ವಂತ ಇಚ್ಛೆಯಿಂದಲೇ ಎಂಬುದನ್ನು ಮೊದಲು ಸಿದ್ಧಪಡಿಸಬೇಕು. ಸಾಲೆಯಲ್ಲಿ "ಗಿಡ್ಡ್ಯಾ" ಎಂದು ಕೂಗಿದವರು, ಓಣಿಯಲ್ಲಿ ನಕ್ಕವರು, ಬಯೋಡಾಟಾ ಬದಿಗೆ ಸರಿಸಿದವರು, ಇವರೆಲ್ಲರೂ ಹತ್ತು ವರ್ಷ ಹಿಂದಿನಿಂದ ದೂಡಿದ ಬಳಿಕ ಅವನು ಮುಂದೆ ಬಿದ್ದದ್ದನ್ನು ಸ್ವಾತಂತ್ರ್ಯವೆಂದು ಕರೆಯುವದು ಸತ್ಯಕ್ಕೆ ದೂರವಾದ ಮಾತು. ಅವನ ದುಃಖವು ಸುಳ್ಳಲ್ಲ. ಅದಕ್ಕೆ ಕಾರಣರಾದವರೇ ಅದನ್ನು ಅವನ ಇಚ್ಛೆಯೆಂದು ಹೇಳಿ ಕೈತೊಳೆದುಕೊಳ್ಳುವದು ಮಾತ್ರ ಸುಳ್ಳು.

ಶಾಸ್ತ್ರದಲ್ಲಿಯೂ ಗಿಡ್ಡತನಕ್ಕೆ ನಿಂದೆಯಿದೆಯಲ್ಲ ಎಂದು ಪಂಡಿತರು ಯಾರಾದರೂ ಕೇಳಬಹುದು. ಹೌದು, ಚರಕಸಂಹಿತೆಯಲ್ಲಿ ಎಂಟು ಬಗೆಯ ದೇಹಗಳನ್ನು ನಿಂದಿತವೆಂದು ಎಣಿಸಿದ್ದುಂಟು. ಅದರಲ್ಲಿ ಅತಿ ಗಿಡ್ಡನೂ ಇದ್ದಾನೆ. ಆದರೆ ಅವನಿಗಿಂತ ಮೊದಲು ಹೆಸರಿಸಲ್ಪಟ್ಟವನು ಅತಿ ಉದ್ದನು! ಮತ್ತು ಆ ಎಂಟರಲ್ಲಿ ಆಚಾರ್ಯನು ಚಿಕಿತ್ಸೆಯನ್ನು ವಿಸ್ತರಿಸಿದ್ದು ಎರಡಕ್ಕೆ ಮಾತ್ರ: ಅತಿ ದಪ್ಪನಿಗೆ, ಅತಿ ಬಡಕಲನಿಗೆ. ಆಹಾರ ವಿಹಾರಗಳಿಂದ ತಿದ್ದಲು ಬರುವದನ್ನು ತಿದ್ದಲು ಹೇಳಿದನು. ಎತ್ತರ ಗಿಡ್ಡಗಳ ತಂಟೆಗೆ ಹೋಗಲಿಲ್ಲ. ಪುರಾಣದಲ್ಲಿ ಮೂರು ಲೋಕಗಳನ್ನು ಅಳೆದವನು ವಾಮನನು; ವಿಂಧ್ಯಪರ್ವತದ ಸೊಕ್ಕನ್ನು ಇಳಿಸಿದವನು ಕುಳ್ಳನಾದ ಅಗಸ್ತ್ಯನು; ಎಂಟು ಕಡೆ ಸೊಟ್ಟಗಾದ ಅಷ್ಟಾವಕ್ರನನ್ನು ಕಂಡು ನಕ್ಕ ಸಭೆಯೇ ಕಡೆಗೆ ತಲೆತಗ್ಗಿಸಬೇಕಾಯಿತು. ಪುರಾಣವನ್ನು ಒಪ್ಪದವರು ಇತಿಹಾಸವನ್ನು ನೋಡಲಿ. ೧೯೬೪ರಿಂದ ೧೯೬೬ರ ವರೆಗೆ ಈ ದೇಶದ ಪ್ರಧಾನಿಯಾಗಿದ್ದ ಲಾಲಬಹಾದ್ದೂರ ಶಾಸ್ತ್ರಿಗಳ ಎತ್ತರವನ್ನು ಲೋಕವೇ ಬಲ್ಲದು. ಅವರ ಮಾತಿನ ಮೇಲೆ ದೇಶವು ಒಂದು ಹೊತ್ತಿನ ಊಟವನ್ನು ಬಿಟ್ಟಿತು. ಭದ್ರಾವತಿಯ ಗುಂಡಪ್ಪ ವಿಶ್ವನಾಥರು ೧೯೬೯ರಲ್ಲಿ ಕಾನಪುರದಲ್ಲಿ ತಮ್ಮ ಮೊದಲನೆಯ ಟೆಸ್ಟ್ ಪಂದ್ಯದಲ್ಲಿಯೇ ೧೩೭ ಓಟಗಳನ್ನು ಗಳಿಸಿದಾಗ ಆಸ್ಟ್ರೇಲಿಯದ ಎತ್ತರದ ಚೆಂಡೆಸೆತಗಾರರಿಗೆ ಅವರ ಗಿಡ್ಡತನವು ಯಾವ ಉಪಯೋಗಕ್ಕೂ ಬರಲಿಲ್ಲ. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಎಂಬ ಮಾತು ಕನ್ನಡಿಗರ ಬಾಯಲ್ಲಿ ಸುಮ್ಮನೆ ಉಳಿದುಬಂದಿಲ್ಲ.

ದೂರ ಹೋಗುವದೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮವು ಊರ ನಡುವೆಯೇ ಇದೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ೧೯೪೪ರಲ್ಲಿ ತೀರಿಕೊಂಡ ಮೇಲೆ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ತಾವು ತೀರಿಕೊಳ್ಳುವವರೆಗೆ ಆ ಆಶ್ರಮವನ್ನು ನಡೆಯಿಸಿದರು. ಕಣ್ಣಿಲ್ಲದವರಿಗೆ, ಅನಾಥರಿಗೆ ಅಲ್ಲಿ ಅನ್ನವೂ ಸಂಗೀತವೂ ಕೂಡಿಯೇ ದೊರೆತವು. ದೇಹದ ಕೊರತೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಈ ಊರು ಹೀಗೆ ಒಂದು ಶತಮಾನದಷ್ಟು ಉದ್ದವಾದ ಉತ್ತರವನ್ನು ಕೊಟ್ಟಿದೆ. ಕಣ್ಣೇ ಇಲ್ಲದವರನ್ನು ಗುರುವೆಂದು ಕೈಮುಗಿದ ಊರು ಎರಡಂಗುಲ ಕಡಿಮೆಯಾದವನನ್ನು ಅಳಿಯನೆಂದು ಒಪ್ಪಲಾರದೆಂದರೆ ಆ ಕೈಮುಗಿತಕ್ಕೆ ಅರ್ಥವೇನು?

ಜನರು ಎತ್ತರವಾಗಬೇಕೆಂಬ ಇಚ್ಛೆಯೇ ತಪ್ಪೆಂದು ಇದರ ಅರ್ಥವಲ್ಲ. ಎಲುಬಿನ ತುದಿಯ ಬೆಳೆಯುವ ಭಾಗವು ಇಪ್ಪತ್ತರ ಒಳಗೆ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಪುಡಿಯಿಂದಲೂ ಯಾವ ಗುಳಿಗೆಯಿಂದಲೂ ಕೂದಲೆಳೆಯಷ್ಟೂ ಬೆಳೆಯಲು ಬಾರದು. ಬೆಳೆಯುವ ಕಾಲವು ಬಾಲ್ಯ. ಹಾಲೆಂಡಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪಿನ ಗಿಡ್ಡರ ಸಾಲಿನಲ್ಲಿದ್ದರು; ಇಂದು ಜಗತ್ತಿನಲ್ಲಿಯೇ ಅತಿ ಎತ್ತರದವರು. ದಕ್ಷಿಣ ಕೊರಿಯದ ಹೆಣ್ಣುಮಕ್ಕಳು ಒಂದೇ ಶತಮಾನದಲ್ಲಿ ಸರಾಸರಿ ೨೦ ಸೆಂಟಿಮೀಟರು, ಅಂದರೆ ಎಂಟು ಅಂಗುಲದಷ್ಟು ಬೆಳೆದರು. ಒಬ್ಬರ ಎಲುಬನ್ನೂ ಯಾರೂ ಕಡಿಯಲಿಲ್ಲ. ಕೂಸುಗಳಿಗೆ ಹೊಟ್ಟೆತುಂಬ ಊಟ, ಶುದ್ಧ ನೀರು, ರೋಗಗಳಿಂದ ರಕ್ಷಣೆ ಸಿಕ್ಕವು. ಎಲುಬು ತಾನೇ ಬೆಳೆಯಿತು. ಕರ್ನಾಟಕದ ಸಾಲೆಗಳಲ್ಲಿ ಮಧ್ಯಾಹ್ನದ ಊಟವೂ ೨೦೧೩ರಿಂದ ಕ್ಷೀರಭಾಗ್ಯದ ಹಾಲೂ ಇದೇ ಮಾರ್ಗದ ಹೆಜ್ಜೆಗಳು.

ಆದರೆ ಮುಂಡರಗಿಯ ಕಡೆಗೆ ಹೋಗಿ ನೋಡಬೇಕು. ಆ ತಾಲೂಕಿನ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿ ಇದೆಯೆಂಬುದು ಹಲವು ಪರೀಕ್ಷೆಗಳಿಂದ ಗೊತ್ತಾದ ಸಂಗತಿ. ಲೀಟರಿಗೆ ೧.೫ ಮಿಲಿಗ್ರಾಮಿನ ಮೇಲೆ ಅದು ಇರಕೂಡದೆಂದು ಜಾಗತಿಕ ಆರೋಗ್ಯ ಸಂಸ್ಥೆಯ ನಿಯಮ. ಮೀರಿದರೆ ಮೊದಲು ಹಲ್ಲಿನ ಮೇಲೆ ಕಂದು ಕಲೆ. ವರ್ಷಗಟ್ಟಲೆ ಬಹಳವಾಗಿ ಕುಡಿದರೆ ಎಲುಬು-ಕೀಲುಗಳಲ್ಲಿ ಬಿಗಿತ, ಬೆನ್ನು ಬಾಗುವದು, ಬೆಳೆಯುವ ಕೂಸುಗಳಿಗಾದರೆ ಕಾಲು ಸೊಟ್ಟಗಾಗುವದು. ಈ ಎಲುಬುಗಳನ್ನು ಬಾಗಿಸಿದ್ದು ಮೋಹವಲ್ಲ, ನೀರು. ಸುಶ್ರುತನು ಹೇಳಿದ ವಕ್ರತೆಯು ಇಲ್ಲಿದೆ. ಶಸ್ತ್ರವೈದ್ಯನ ಕೌಶಲ್ಯವು ಸಲ್ಲಬೇಕಾದದ್ದು ಇಂಥಲ್ಲಿ. ಅದಕ್ಕೂ ಮೊದಲು ಸಲ್ಲಬೇಕಾದದ್ದು ಕೊಡ ತುಂಬ ಶುದ್ಧ ನೀರು. ಒಬ್ಬ ನಿರೋಗಿಯ ಎರಡಂಗುಲಕ್ಕೆ ಸುರಿಯುವ ಹಣದಲ್ಲಿ ಒಂದು ಹಳ್ಳಿಯ ಸಾಲೆಯ ಮಕ್ಕಳಿಗೆ ಶುದ್ಧ ನೀರಿನ ಯಂತ್ರವನ್ನು ಕೂಡಿಸಲು ಬರುತ್ತದೆ. ತುಂಗಭದ್ರೆಯ ದಂಡೆಗೆ ಹತ್ತಿದ ತಾಲೂಕಿನಲ್ಲಿ ಕೂಸುಗಳು ವಿಷದ ನೀರು ಕುಡಿಯುತ್ತಿರುವಾಗ, ನೆಟ್ಟಗಿನ ಕಾಲುಗಳನ್ನು ಕಡಿಯುವದಕ್ಕೆ ಈ ದೇಶದ ಹಣವೂ ಜಾಣತನವೂ ವೆಚ್ಚವಾಗುತ್ತಿದ್ದರೆ ಅದಕ್ಕೆ ಪ್ರಗತಿಯೆಂದು ಹೆಸರಿಡುವದು ನಾಚಿಕೆಯ ಮಾತು.

ಈ ಕೆಲಸವನ್ನು ನಿಲ್ಲಿಸಲು ಕಾಯಿದೆ ಬರಬೇಕೋ ಬೇಡವೋ ಎಂಬುದನ್ನು ರಾಜ್ಯ ನಡೆಯಿಸುವವರು ಯೋಚಿಸಲಿ. ಸುಶಿಕ್ಷಿತ ಮನೆತನದವರ ಕೈಯಲ್ಲಿ ಕಾಯಿದೆಗಿಂತ ಬಲವಾದ ಉಪಾಯಗಳಿವೆ. ಮಗಳಿಗೆ ವರನನ್ನು ನೋಡುವಾಗ ಎತ್ತರದ ಸಾಲನ್ನು ಕೇಳದಿರುವದು ಒಂದು. ಮಗನ ಬಯೋಡಾಟಾದಲ್ಲಿ ಅದನ್ನು ಬರೆಯದಿರುವದು ಇನ್ನೊಂದು. ಮನೆಯಲ್ಲಿ, ಸಾಲೆಯಲ್ಲಿ, ಬೀಗರ ನಡುವೆ ಮೈಯ ಅಳತೆಯ ಮೇಲೆ ನಗೆಯಾಡುವವರನ್ನು ಅಲ್ಲಿಯೇ ತಡೆಯುವದು ಮೂರನೆಯದು. ಮತ್ತು ಮಗನೊಬ್ಬನು ಒಂದು ರಾತ್ರಿ ಅಂಜುತ್ತಂಜುತ್ತ ಈ ಶಸ್ತ್ರಕ್ರಿಯೆಯ ಮಾತನ್ನು ಎತ್ತಿದರೆ, ಬೈದು ಬಾಯಿ ಮುಚ್ಚಿಸದೆ ಹತ್ತಿರ ಕೂಡ್ರಿಸಿಕೊಂಡು ಕೇಳಬೇಕು. ಹೈದರಾಬಾದಿನ ತಂದೆತಾಯಿಗಳಿಗೆ ಆ ಅವಕಾಶವೇ ದೊರೆಯಲಿಲ್ಲ. ಯಾರು ನಕ್ಕರು, ಎಂದಿನಿಂದ ನೋವಾಯಿತು ಎಂದು ಕೇಳಿ ತಿಳಿದು, ಐವತ್ತು ದಿನಗಳ ತಿರುಪನ್ನೂ ಎಂಟು ತಿಂಗಳ ಚೌಕಟ್ಟನ್ನೂ ನಲವತ್ತು ವರ್ಷಗಳ ಮೊಣಕಾಲನ್ನೂ ಅವನೆದುರಿಗೆ ಲೆಕ್ಕ ಹಾಕಿ ತೋರಿಸಬೇಕು. ಅವನ ಮನಸ್ಸು ಅಷ್ಟಕ್ಕೂ ತಿಳಿಯಾಗದಿದ್ದರೆ ಮನಸ್ಸಿನ ವೈದ್ಯರ ಕಡೆಗೆ ಕರೆದೊಯ್ಯಬೇಕು. ಅದರಲ್ಲಿ ಅವಮಾನವೇನೂ ಇಲ್ಲ.

ಹುಡುಗನು ತಗ್ಗಾಗಿ ಹುಟ್ಟಿದ್ದು ಅವನ ತಪ್ಪಲ್ಲ. ಅವನನ್ನು ತಗ್ಗಿಸಿ ನೋಡಿದ್ದು ಮಾತ್ರ ಮನೆಮನೆಯವರ ತಪ್ಪು. ಮೊದಲನೆಯದನ್ನು ತಿದ್ದಲು ಗರಗಸವನ್ನು ಹಿಡಿಯುವದಕ್ಕಿಂತ ಎರಡನೆಯದನ್ನು ತಿದ್ದುವದು ಸುಲಭ. ಅದಕ್ಕೆ ಒಂದು ಪೈಯ ಖರ್ಚಿಲ್ಲ, ಒಂದು ಹನಿ ರಕ್ತ ಬೀಳುವದಿಲ್ಲ. ಮುಂದಿನ ಲಗ್ನಕಾಲದಲ್ಲಿ ಈ ನಾಲ್ಕು ಊರುಗಳ ಜಮಖಾನೆಗಳ ಮೇಲೆ ಹಿರಿಯರು ಕೂಡಿದಾಗ ಅಂಗುಲದ ಲೆಕ್ಕವು ಮಾತಿನಲ್ಲಿ ಬಾರದೆ ಎಲೆ-ಅಡಿಕೆ ಹಂಚಲ್ಪಟ್ಟರೆ, ಎಷ್ಟೋ ತರುಣರ ಕಾಲುಗಳು ಅವರಿಗೆ ಗೊತ್ತಿಲ್ಲದಂತೆಯೇ ಉಳಿದವೆಂದು ತಿಳಿಯಬೇಕು.